ಕ್ಯಾಲೆಂಡರ್‌ನಲ್ಲಿ ಸರಿ, ಜಾಲತಾಣದಲ್ಲಿ ತಪ್ಪು: ಕಾರ್ಯಕ್ರಮಪಟ್ಟಿಯ ದೋಷ ಹುಡುಕುವ ಬಗೆ

ಹಾಸನದ ನಮ್ಮ ಓದುಗರ ಬಳಗದ ಉಪನ್ಯಾಸವೊಂದು ಸಂಜೆ ಆರು ಗಂಟೆಗೆ ಇತ್ತು. ಚನ್ನರಾಯಪಟ್ಟಣದಿಂದ ಹಿರಿಯರೊಬ್ಬರು ಬಸ್ಸು ಹಿಡಿದು ಮಧ್ಯಾಹ್ನ ಹನ್ನೆರಡೂವರೆಗೇ ಬಂದು, ಬೀಗ ಹಾಕಿದ ಬಾಗಿಲ ಮುಂದೆ ನಿಂತು ಫೋನ್ ಮಾಡಿದರು. “ಸರ್, ನಿಮ್ಮ ವೆಬ್‌ಸೈಟ್‌ನಲ್ಲಿ ಹನ್ನೆರಡೂವರೆ ಎಂದೇ ಇದೆ. ನಾನು ತಪ್ಪು ಓದಿದೆನೇ?” ಎಂದು ಕೇಳಿದರು. ಅವರು ತಪ್ಪು ಓದಿರಲಿಲ್ಲ. ಬಳಗದ ಕಾರ್ಯದರ್ಶಿಗಳಾದ ಮೇಷ್ಟ್ರು ಗೂಗಲ್ ಕ್ಯಾಲೆಂಡರ್‌ನಲ್ಲಿ ಆರು ಗಂಟೆ ಎಂದೇ ಬರೆದಿದ್ದರು. ಅವರ ಮೊಬೈಲ್‌ನಲ್ಲಿ ಆರು, ನನ್ನ ಮೊಬೈಲ್‌ನಲ್ಲಿ ಆರು. ಜಾಲತಾಣದ ಪುಟದಲ್ಲಿ ಮಾತ್ರ 12:30.

ಖಾಲಿ ಪುಟಕ್ಕಿಂತ ತಪ್ಪು ಹೊತ್ತು ತೋರಿಸುವ ಪುಟ ಹೆಚ್ಚು ಹಾನಿ ಮಾಡುತ್ತದೆ ಎಂಬುದು ನನಗೆ ಅಂದು ಮನದಟ್ಟಾಯಿತು. ಖಾಲಿ ಕಂಡವರು ಫೋನ್ ಮಾಡಿ ವಿಚಾರಿಸುತ್ತಾರೆ. ತಪ್ಪು ಕಂಡವರು ನಂಬಿ ಮನೆಯಿಂದ ಹೊರಡುತ್ತಾರೆ. ಅದಾದ ಮೇಲೆ ಸಕಲೇಶಪುರದ ಒಂದು ಹೋಂಸ್ಟೇ, ಅರಸೀಕೆರೆಯ ಒಂದು ಹಳೆಯ ವಿದ್ಯಾರ್ಥಿಗಳ ಸಂಘ, ಇಲ್ಲಿಯದೇ ಒಂದು ರಂಗತಂಡ ಇವರೆಲ್ಲರ ಪುಟಗಳಲ್ಲೂ ಇಂಥವೇ ತೊಂದರೆಗಳನ್ನು ಬಿಡಿಸಿದ್ದೇನೆ. ಎಲ್ಲಿಂದ ಹುಡುಕಲು ಶುರುಮಾಡಬೇಕು ಎಂಬುದು ಗೊತ್ತಿದ್ದರೆ ಅರ್ಧ ಗಂಟೆಯ ಕೆಲಸ. ಗೊತ್ತಿಲ್ಲದಿದ್ದರೆ ವಾರವೇ ಹೋಗುತ್ತದೆ.

ಮೊದಲು ನಿಮ್ಮ ಪುಟ ಯಾವ ದಾರಿಯಿಂದ ಕ್ಯಾಲೆಂಡರನ್ನು ತರುತ್ತಿದೆ ಎಂದು ತಿಳಿದುಕೊಳ್ಳಿ. ದಾರಿಗಳು ಮೂರು. ಒಂದು, ಐಫ್ರೇಮ್: ಗೂಗಲ್ ಕೊಡುವ ಕೋಡನ್ನು ಹಾಗೆಯೇ ಪುಟದಲ್ಲಿ ಅಂಟಿಸುವುದು. ಇಲ್ಲಿ ನಿಮ್ಮ ಪುಟ ಬರೀ ಚೌಕಟ್ಟು, ಒಳಗಿನ ಚಿತ್ರವೆಲ್ಲ ಗೂಗಲ್‌ನದು. ಎರಡು, ಐಕ್ಯಾಲ್ ಲಿಂಕ್: ನಿಮ್ಮ ಸರ್ವರ್ ಅಥವಾ ವರ್ಡ್‌ಪ್ರೆಸ್ (ಜಾಲತಾಣ ಕಟ್ಟುವ ತಂತ್ರಾಂಶ) ಜೊತೆ ಸೇರಿಸುವ ಪ್ಲಗಿನ್ ಎಂಬ ಉಪತಂತ್ರಾಂಶ ಆಗಾಗ ಕ್ಯಾಲೆಂಡರ್‌ನ ಒಂದು ಪಠ್ಯಕಡತವನ್ನು ತಂದು, ಓದಿ, ತನ್ನದೇ ರೂಪದಲ್ಲಿ ಪಟ್ಟಿ ಮಾಡುತ್ತದೆ. ಮೂರು, ಎಪಿಐ, ಅಂದರೆ ಕೋಡುಗಳು ಮಾಹಿತಿ ಕೇಳಲೆಂದೇ ಇರುವ ದಾರಿ: ಪುಟದ ಸ್ಕ್ರಿಪ್ಟ್ ಗೂಗಲ್ ಕೊಟ್ಟ ಒಂದು ಕೀ (ಗುರುತಿನ ಸಂಕೇತ) ಬಳಸಿ ಗೂಗಲ್‌ನಿಂದ ನೇರವಾಗಿ ಕೇಳಿ ಪಡೆಯುತ್ತದೆ. ಐಫ್ರೇಮ್‌ನಲ್ಲಿ ಸಾಮಾನ್ಯವಾಗಿ ಎದುರಾಗುವುದು ‘ಕಾಣುತ್ತಿಲ್ಲ’ ಎಂಬ ತೊಂದರೆ. ಉಳಿದೆರಡರಲ್ಲಿ ‘ತಪ್ಪಾಗಿ ಕಾಣುತ್ತಿದೆ’ ಎಂಬುದೂ ಸೇರಿಕೊಳ್ಳುತ್ತದೆ, ಏಕೆಂದರೆ ದಿನ ಮತ್ತು ಹೊತ್ತನ್ನು ಅರ್ಥಮಾಡಿಕೊಳ್ಳುವ ಹೊಣೆ ಅಲ್ಲಿ ನಿಮ್ಮ ಕೋಡಿನದು.

ನಿಮಗೆ ಕಾಣುತ್ತದೆ, ಬೇರೆಯವರಿಗೆ ಕಾಣುವುದಿಲ್ಲ

ಯಾವ ದೂರು ಬಂದರೂ ನಾನು ಮೊದಲು ಬ್ರೌಸರ್‌ನ ಇನ್‌ಕಾಗ್ನಿಟೋ ಕಿಟಕಿಯಲ್ಲಿ, ಅಂದರೆ ಯಾವ ಖಾತೆಯ ಲಾಗಿನ್ನೂ ಇಲ್ಲದ ಕಿಟಕಿಯಲ್ಲಿ, ಪುಟವನ್ನು ತೆರೆಯುತ್ತೇನೆ. ನಿಮ್ಮ ಬ್ರೌಸರ್‌ನಲ್ಲಿ ನೀವು ಗೂಗಲ್ ಖಾತೆಗೆ ಲಾಗಿನ್ ಆಗಿರುತ್ತೀರಿ. ಆದ್ದರಿಂದ ಖಾಸಗಿ ಕ್ಯಾಲೆಂಡರ್ ಕೂಡ ನಿಮ್ಮ ಕಣ್ಣಿಗೆ ಐಫ್ರೇಮ್‌ನಲ್ಲಿ ಚೆನ್ನಾಗಿಯೇ ಕಾಣಬಹುದು. ಊರಿನವರಿಗೆ ಅದು ಖಾಲಿ. ರಂಗತಂಡದವರು “ನಮಗೆ ಕಾಣುತ್ತದಲ್ಲ” ಎಂದು ಎರಡು ವಾರ ವಾದಿಸಿದ್ದರು. ಇನ್‌ಕಾಗ್ನಿಟೋದಲ್ಲಿ ತೋರಿಸಿದ ಮೇಲೆ ವಾದ ಮುಗಿಯಿತು.

ಇದರ ಪರಿಹಾರ ಕಂಪ್ಯೂಟರ್ ಬ್ರೌಸರ್‌ನಲ್ಲಿ ತೆರೆದ ಕ್ಯಾಲೆಂಡರ್ ಸೆಟ್ಟಿಂಗ್ಸ್‌ನಲ್ಲಿದೆ. ಮೊಬೈಲ್ ಆ್ಯಪ್‌ನಲ್ಲಿ ಹುಡುಕಿ ಬೇಸರಪಡಬೇಡಿ. ಸಂಬಂಧಪಟ್ಟ ಕ್ಯಾಲೆಂಡರನ್ನು ಆರಿಸಿ, ಪ್ರವೇಶಾನುಮತಿಯ ಭಾಗದಲ್ಲಿ ಅದನ್ನು ಸಾರ್ವಜನಿಕಗೊಳಿಸಬೇಕು. ಅದರ ಪಕ್ಕದಲ್ಲೇ ಇನ್ನೊಂದು ಆಯ್ಕೆ ಇದೆ, ಹಲವರು ಗಮನಿಸುವುದಿಲ್ಲ: ಎಲ್ಲ ವಿವರವನ್ನೂ ತೋರಿಸಬೇಕೇ ಅಥವಾ ಬಿಡುವಿದೆಯೋ ಇಲ್ಲವೋ ಎಂಬುದನ್ನಷ್ಟೇ ತೋರಿಸಬೇಕೇ ಎಂಬುದು. ಎರಡನೆಯದು ಆಯ್ಕೆಯಾಗಿದ್ದರೆ ಪ್ರತಿ ಕಾರ್ಯಕ್ರಮದ ಹೆಸರಿನ ಜಾಗದಲ್ಲಿ ‘ಬ್ಯುಸಿ’ ಎಂಬ ಒಂದೇ ಪದ ಬರುತ್ತದೆ. ಪಟ್ಟಿಯ ತುಂಬ ಆ ಪದ ಕಂಡರೆ ಕೋಡ್ ಮುಟ್ಟಲೇಬೇಡಿ, ದೋಷ ಅಲ್ಲಿಲ್ಲ.

ಶಾಲೆ ಕಾಲೇಜುಗಳ ಖಾತೆಯಲ್ಲಿ ಮಾಡಿದ ಕ್ಯಾಲೆಂಡರ್ ಆಗಿದ್ದರೆ, ಸಾರ್ವಜನಿಕಗೊಳಿಸುವ ಆಯ್ಕೆಯೇ ಮಂಕಾಗಿ, ಒತ್ತಲು ಬಾರದಂತೆ ಇರಬಹುದು. ಸಂಸ್ಥೆಯ ಖಾತೆಗಳನ್ನು ನೋಡಿಕೊಳ್ಳುವವರು ಹೊರಗಿನವರಿಗೆ ಎಷ್ಟು ತೋರಿಸಬಹುದು ಎಂಬ ಮಿತಿಯನ್ನು ಮೇಲಿನಿಂದಲೇ ಹಾಕಿರುತ್ತಾರೆ. ಅವರನ್ನೇ ಕೇಳಬೇಕು. ಅವರು ಬದಲಿಸಿದ ಮೇಲೂ ಒಂದು ದಿನ ಕಾಯಬೇಕಾಗಬಹುದು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗಲಾರೆ. ಎಲ್ಲ ವಿವರವನ್ನೂ ಸಾರ್ವಜನಿಕಗೊಳಿಸಿದಾಗ ಕಾರ್ಯಕ್ರಮದ ವಿವರಣೆಯಲ್ಲಿ ಬರೆದ ಫೋನ್ ನಂಬರ್, ಮನೆ ವಿಳಾಸ, ‘ಅತಿಥಿಗಳಿಗೆ ಗೌರವಧನ ಇಷ್ಟು’ ಎಂಬ ಟಿಪ್ಪಣಿ ಎಲ್ಲವೂ ಲೋಕಕ್ಕೆ ಕಾಣುತ್ತದೆ. ಆದ್ದರಿಂದ ನಿಮ್ಮ ಸ್ವಂತ ಕ್ಯಾಲೆಂಡರನ್ನು ಎಂದೂ ಸಾರ್ವಜನಿಕ ಮಾಡಬೇಡಿ. ಜಾಲತಾಣಕ್ಕೆಂದೇ ಬೇರೊಂದು ಕ್ಯಾಲೆಂಡರ್ ತೆರೆದು, ಬರೆಯುವವರಿಗೆ ಅದರಲ್ಲಿ ಅನುಮತಿ ಕೊಡಿ. ಐಕ್ಯಾಲ್ ರೂಪದ ‘ರಹಸ್ಯ ವಿಳಾಸ’ ಎಂಬುದೊಂದು ಅದೇ ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ. ಅದನ್ನು ಹಿಡಿದವರು ಯಾರೇ ಆಗಲಿ, ಸಾರ್ವಜನಿಕಗೊಳಿಸದ ಕ್ಯಾಲೆಂಡರನ್ನೂ ಓದಬಲ್ಲರು. ಅದು ಪುಟದ ಮೂಲಕೋಡಿನಲ್ಲಿ ಕಾಣುವ ಹಾಗೆ ಬಿದ್ದಿದ್ದರೆ, ಮೊದಲು ಆ ವಿಳಾಸವನ್ನು ಮರುಹೊಂದಿಸಿ ಹಳೆಯದನ್ನು ಸಾಯಿಸಿ. ಉಳಿದ ರಿಪೇರಿ ಆಮೇಲೆ.

ಚೌಕಟ್ಟು ಇದೆ, ಒಳಗೆ ಏನೂ ಇಲ್ಲ

ಐಫ್ರೇಮ್ ಜಾಗದಲ್ಲಿ ‘ಸಂಪರ್ಕ ನಿರಾಕರಿಸಿದೆ’ ಎಂಬ ಬೂದು ಬಣ್ಣದ ಪೆಟ್ಟಿಗೆ ಬಂದರೆ, ಯಾರೋ ಬ್ರೌಸರ್‌ನ ಮೇಲ್ಗಡೆಯ ವಿಳಾಸದ ಜಾಗದಿಂದ ಕ್ಯಾಲೆಂಡರ್ ಲಿಂಕನ್ನು ನಕಲು ಮಾಡಿ ಅಂಟಿಸಿರುವ ಸಂಭವವೇ ಹೆಚ್ಚು. ನೀವು ದಿನವೂ ತೆರೆಯುವ ಆ ಪುಟ ಬೇರೆಯವರ ಚೌಕಟ್ಟಿನೊಳಗೆ ಕೂರಲು ಒಪ್ಪುವುದಿಲ್ಲ. ಚೌಕಟ್ಟಿಗೆಂದೇ ‘ಎಂಬೆಡ್’ ಎಂಬ ಪದ ಇರುವ ಬೇರೆ ವಿಳಾಸವಿದೆ; ಅದು ಸೆಟ್ಟಿಂಗ್ಸ್‌ನಲ್ಲಿ, ಕ್ಯಾಲೆಂಡರನ್ನು ಬೇರೆಡೆ ಜೋಡಿಸುವ ಭಾಗದಲ್ಲಿ ಸಿಗುತ್ತದೆ. ವಿಳಾಸ ಸರಿಯಿದ್ದೂ ಖಾಲಿಯಿದ್ದರೆ, ನಿಮ್ಮ ಸರ್ವರ್ ಹೊರಗಿನ ಚೌಕಟ್ಟುಗಳನ್ನು ತಡೆಯುವ ಭದ್ರತಾ ನಿಯಮ ಕಳುಹಿಸುತ್ತಿದೆಯೇ ಎಂದು ಬ್ರೌಸರ್‌ನ ಕನ್ಸೋಲ್‌ನಲ್ಲಿ (ದೋಷಗಳನ್ನು ಪಟ್ಟಿಮಾಡಿ ತೋರಿಸುವ ಭಾಗ) ನೋಡಿ. ಕೆಂಪಕ್ಷರದಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ.

ಅಂಟಿಸಿದ ಕೋಡ್ ಉಳಿಸಿದ ಕೂಡಲೇ ಮಾಯವಾಗುತ್ತಿದ್ದರೆ ಅದು ವರ್ಡ್‌ಪ್ರೆಸ್‌ನ ಕಾವಲು. ಲೇಖಕ ಮಟ್ಟದ ಬಳಕೆದಾರರು ಹಾಕಿದ ಐಫ್ರೇಮನ್ನು ಅದು ಉಳಿಸುವಾಗ ತೆಗೆದುಹಾಕುತ್ತದೆ. ಆಡಳಿತಾಧಿಕಾರವಿರುವವರು ಕಸ್ಟಮ್ ಎಚ್‌ಟಿಎಂಎಲ್ ಬ್ಲಾಕ್‌ನಲ್ಲಿ ಹಾಕಿದರೆ ಉಳಿಯುತ್ತದೆ.

ಗೂಗಲ್ ಕೊಡುವ ಕೋಡಿನಲ್ಲಿ ಅಗಲ 800, ಎತ್ತರ 600 ಎಂದು ಇರುತ್ತದೆ. ಮೊಬೈಲ್‌ನಲ್ಲಿ ಅದರ ಬಲಭಾಗ ಪರದೆಯ ಆಚೆಗೆ ಹೋಗಿ, ವಾರದ ಕೊನೆಯ ದಿನಗಳೇ ಕಾಣುವುದಿಲ್ಲ. ಅಗಲವನ್ನು ಶೇಕಡ 100 ಮಾಡಿ, ತಿಂಗಳ ನೋಟದ ಬದಲು ಕಾರ್ಯಸೂಚಿ ನೋಟ ಆರಿಸಿ. ನಮ್ಮ ಕಡೆ ಪುಟ ನೋಡುವವರಲ್ಲಿ ಹೆಚ್ಚಿನವರು ನೋಡುವುದು ಮೊಬೈಲ್‌ನಲ್ಲೇ.

ಐದೂವರೆ ಗಂಟೆಯ ದೋಷ

ಈಗ ಚನ್ನರಾಯಪಟ್ಟಣದ ಹಿರಿಯರ ವಿಷಯ. ಆರು ಗಂಟೆಗೂ ಹನ್ನೆರಡೂವರೆಗೂ ಇರುವ ಅಂತರ ಐದೂವರೆ ಗಂಟೆ. ಈ ಅಂಕಿ ಎಲ್ಲಿ ಕಂಡರೂ ಅದು ಭಾರತೀಯ ಕಾಲಮಾನ ಮತ್ತು ಯುಟಿಸಿ ಎಂಬ ಜಾಗತಿಕ ಮೂಲ ಕಾಲಮಾನಗಳ ನಡುವಿನ ಅಂತರವೇ. ಬೇರೆ ಕಾರಣ ಹುಡುಕಬೇಕಾಗಿಲ್ಲ.

ನನ್ನನ್ನು ಒಂದಿಡೀ ದಿನ ಕಾಡಿದ ಸಂಗತಿ ಬೇರೆಯದು. ಪ್ರತಿ ತಿಂಗಳ ಎರಡನೇ ಭಾನುವಾರದ ನಮ್ಮ ಸಭೆ ಅದೇ ಪಟ್ಟಿಯಲ್ಲಿ ಸರಿಯಾದ ಹೊತ್ತಿಗೇ ಕಾಣುತ್ತಿತ್ತು. ವಿಶೇಷ ಉಪನ್ಯಾಸಗಳು ಮಾತ್ರ ತಪ್ಪು. ಒಂದೇ ಕ್ಯಾಲೆಂಡರ್, ಒಂದೇ ಪ್ಲಗಿನ್. ಕೆಲವು ಸರಿ, ಕೆಲವು ತಪ್ಪು. ಕೊನೆಗೆ ಐಕ್ಯಾಲ್ ಕಡತವನ್ನೇ ಇಳಿಸಿಕೊಂಡು ನೋಟ್‌ಪ್ಯಾಡ್‌ನಲ್ಲಿ ತೆರೆದೆ. ಗುಟ್ಟು ಅಲ್ಲಿತ್ತು. ಗೂಗಲ್‌ನ ಈ ಕಡತದಲ್ಲಿ ಒಂದೇ ಸಲ ನಡೆಯುವ ಕಾರ್ಯಕ್ರಮದ ಹೊತ್ತನ್ನು ಯುಟಿಸಿಯಲ್ಲಿ ಬರೆದಿರುತ್ತದೆ: ಅಂಕಿಗಳ ಕೊನೆಯಲ್ಲಿ ‘ಝಡ್’ ಎಂಬ ಇಂಗ್ಲಿಷ್ ಅಕ್ಷರ ಇದ್ದರೆ ಅದೇ ಗುರುತು. ಮರುಕಳಿಸುವ ಕಾರ್ಯಕ್ರಮಕ್ಕಾದರೆ ‘ಏಷ್ಯಾ/ಕೋಲ್ಕತಾ’ ಎಂದು ಕಾಲವಲಯವನ್ನು ಹೆಸರಿಸಿ, ನಮ್ಮ ಗಡಿಯಾರದ ಹೊತ್ತನ್ನೇ ಬರೆದಿರುತ್ತದೆ. ನಮ್ಮ ಪುಟದಲ್ಲಿ ಎರಡೂ ಕಡತದಲ್ಲಿದ್ದ ಹಾಗೆಯೇ ಬರುತ್ತಿದ್ದವು. ಝಡ್ ಇದ್ದ 12:30 ಕೂಡ ಬದಲಾಗದೆ 12:30 ಆಗಿಯೇ ಉಳಿಯಿತು.

ಜಾಲತಾಣದ ಕಾಲವಲಯವನ್ನು ನಾನು ಹೊಂದಿಸಿಯೇ ಇರಲಿಲ್ಲ. ವರ್ಡ್‌ಪ್ರೆಸ್‌ನ ಸಾಮಾನ್ಯ ಸೆಟ್ಟಿಂಗ್ಸ್‌ನಲ್ಲಿ ಅದು ಯುಟಿಸಿ ಎಂದೇ ಉಳಿದಿತ್ತು. ಝಡ್ ಇರುವ ಹೊತ್ತನ್ನು ಪ್ಲಗಿನ್ ಆ ಸೆಟ್ಟಿಂಗ್‌ಗೆ ತಕ್ಕಂತೆ ಮಾರ್ಪಡಿಸುತ್ತಿತ್ತು; ಸೆಟ್ಟಿಂಗೇ ಯುಟಿಸಿ ಆಗಿದ್ದರಿಂದ ಹೊತ್ತು ಬದಲಾಗಲಿಲ್ಲ. ನಗರಗಳ ಪಟ್ಟಿಯಿಂದ ಕೋಲ್ಕತಾ ಆರಿಸಿ ಉಳಿಸಿದೆ, ಉಪನ್ಯಾಸ ಆರು ಗಂಟೆಗೆ ಬಂತು. ನಿಮ್ಮ ಪುಟ ಸ್ವಂತ ಕೋಡಿನದಾಗಿದ್ದರೆ ಸರ್ವರ್ ಯಾವ ಕಾಲವಲಯದಲ್ಲಿದೆ ಎಂದು ಅವಲಂಬಿಸಬೇಡಿ. ಹೊತ್ತನ್ನು ಅಚ್ಚು ಮಾಡುವ ಜಾಗದಲ್ಲೇ ಏಷ್ಯಾ/ಕೋಲ್ಕತಾ ಎಂದು ಹೆಸರಿಸಿ.

ಎಲ್ಲ ಹೊತ್ತಿಗೂ ಐದೂವರೆ ಗಂಟೆ ಕೂಡಿಸಿಬಿಡುವ ಅಡ್ಡದಾರಿಯನ್ನು ದಯವಿಟ್ಟು ಹಿಡಿಯಬೇಡಿ. ಉಪನ್ಯಾಸಗಳು ಸರಿಹೋಗುತ್ತವೆ, ಆದರೆ ಅಲ್ಲಿಯವರೆಗೆ ಸರಿಯಾಗಿದ್ದ ತಿಂಗಳ ಸಭೆ ಸಂಜೆ ಆರರಿಂದ ರಾತ್ರಿ ಹನ್ನೊಂದೂವರೆಗೆ ಹಾರುತ್ತದೆ. ಮುಂಜಾನೆಯ ಕಾರ್ಯಕ್ರಮಗಳನ್ನಂತೂ ಬೇರೆಯಾಗಿಯೇ ಪರೀಕ್ಷಿಸಿ. ಮುಳ್ಳಯ್ಯನಗಿರಿ ಚಾರಣಕ್ಕೆ ಭಾನುವಾರ ಬೆಳಿಗ್ಗೆ ಐದಕ್ಕೆ ಹಾಸನದಿಂದ ವ್ಯಾನ್ ಹೊರಡುವುದಿದ್ದರೆ, ಯುಟಿಸಿಯಲ್ಲಿ ಅದು ಶನಿವಾರ ರಾತ್ರಿ 11:30. ಬರೀ ಹೊತ್ತಲ್ಲ, ದಿನವೇ ತಪ್ಪುತ್ತದೆ.

ಇಡೀ ದಿನದ ಕಾರ್ಯಕ್ರಮ, ಹಾಸನಾಂಬೆಯ ಬಾಗಿಲು

ಹೊತ್ತು ನಮೂದಿಸದ, ‘ಇಡೀ ದಿನ’ ಎಂದು ಗುರುತಿಸಿದ ಕಾರ್ಯಕ್ರಮಗಳಿಗೆ ಬೇರೆಯದೇ ಲೆಕ್ಕ. ಐಕ್ಯಾಲ್ ರೂಪವನ್ನು ವಿವರಿಸುವ 2009ರ ಆರ್‌ಎಫ್‌ಸಿ 5545 ಎಂಬ ದಾಖಲೆಯ ಪ್ರಕಾರ ಕೊನೆಯ ದಿನಾಂಕ ಕಾರ್ಯಕ್ರಮಕ್ಕೆ ಸೇರುವುದಿಲ್ಲ. ಅಂದರೆ ಅಲ್ಲಿ ಬರೆದಿರುವುದು ಮುಗಿದ ಮರುದಿನದ ದಿನಾಂಕ. 2025ರಲ್ಲಿ ಹಾಸನಾಂಬೆಯ ಗುಡಿಯ ಬಾಗಿಲು ತೆರೆದದ್ದು ಅಕ್ಟೋಬರ್ 9ರಂದು, ಮುಚ್ಚಿದ್ದು 23ರಂದು. ಕ್ಯಾಲೆಂಡರ್‌ನಲ್ಲಿ ನೀವು 9ರಿಂದ 23 ಎಂದು ಸರಿಯಾಗಿಯೇ ತುಂಬಿದರೂ ಕಡತದಲ್ಲಿ ಕೊನೆಯ ದಿನಾಂಕ 24 ಎಂದಿರುತ್ತದೆ. ಗೂಗಲ್‌ನ ಎಪಿಐ ಕೊಡುವ ಉತ್ತರದಲ್ಲೂ ಹೀಗೆಯೇ. ನಿಮ್ಮ ಕೋಡ್ ಒಂದು ದಿನ ಕಳೆಯದೆ ಅಚ್ಚು ಮಾಡಿದರೆ, ವರ್ಷಕ್ಕೊಮ್ಮೆ ಮಾತ್ರ ತೆರೆಯುವ ಆ ಬಾಗಿಲು ಮುಚ್ಚಿದ ಮರುದಿನವೂ ತೆರೆದಿದೆ ಎಂದು ಜನರಿಗೆ ಹೇಳಿದಂತಾಗುತ್ತದೆ.

ಇದರ ಜೊತೆಗೆ ನಮ್ಮ ಕಣ್ಣಿಗೆ ಬೀಳದ ಇನ್ನೊಂದು ದೋಷವಿದೆ. ಅರಸೀಕೆರೆಯ ಸಂಘದ ಸದಸ್ಯರೊಬ್ಬರು ಕ್ಯಾಲಿಫೋರ್ನಿಯಾದಿಂದ ಬರೆದು, ಪುನರ್ಮಿಲನದ ದಿನ ಒಂದು ದಿನ ಹಿಂದೆ ಕಾಣುತ್ತಿದೆ ಎಂದರು. ಇಲ್ಲಿ ಯಾರಿಗೂ ಹಾಗೆ ಕಾಣಲಿಲ್ಲ. ಹೊತ್ತಿಲ್ಲದ ಬರೀ ದಿನಾಂಕವನ್ನು ಜಾವಾಸ್ಕ್ರಿಪ್ಟ್‌ಗೆ ಕೊಟ್ಟರೆ ಅದು ಯುಟಿಸಿ ಮಧ್ಯರಾತ್ರಿ ಎಂದು ತೆಗೆದುಕೊಳ್ಳುತ್ತದೆ. ನಮಗೆ ಅದು ಅದೇ ದಿನದ ಬೆಳಿಗ್ಗೆ ಐದೂವರೆ, ಆದ್ದರಿಂದ ದಿನಾಂಕ ಸರಿಯಾಗಿಯೇ ತೋರುತ್ತದೆ. ಅಮೆರಿಕದಲ್ಲಿ ಅದು ಹಿಂದಿನ ದಿನದ ಸಂಜೆ. ಇಡೀ ದಿನದ ಕಾರ್ಯಕ್ರಮವನ್ನು ಜಾವಾಸ್ಕ್ರಿಪ್ಟ್‌ನ ದಿನಾಂಕ ವಸ್ತುವಾಗಿ (ಡೇಟ್ ಆಬ್ಜೆಕ್ಟ್) ಮಾರ್ಪಡಿಸದೆ, ವರ್ಷ, ತಿಂಗಳು, ದಿನವನ್ನು ಬಿಡಿಯಾಗಿ ಕತ್ತರಿಸಿಕೊಂಡು ಅಚ್ಚು ಮಾಡಿದರೆ ತೊಂದರೆಯಿಲ್ಲ. ಕಂಪ್ಯೂಟರ್‌ನ ಕಾಲವಲಯವನ್ನು ಸ್ವಲ್ಪ ಹೊತ್ತು ಅಮೆರಿಕಕ್ಕೆ ಬದಲಿಸಿ ನೋಡಿದರೆ ಈ ದೋಷ ನಿಮ್ಮ ಮುಂದೆಯೇ ಕಾಣುತ್ತದೆ.

ಮರುಕಳಿಸುವಿಕೆಯ ವಿಷಯವೂ ಹಾಸನಾಂಬೆಯಿಂದಲೇ ಚೆನ್ನಾಗಿ ಅರ್ಥವಾಗುತ್ತದೆ. ಆಶ್ವಯುಜದ ಹುಣ್ಣಿಮೆಯ ನಂತರದ ಮೊದಲ ಗುರುವಾರ ಬಾಗಿಲು ತೆರೆಯುವುದು ರೂಢಿ. 2023ರಲ್ಲಿ ಅದು ನವೆಂಬರ್ 2, 2024ರಲ್ಲಿ ಅಕ್ಟೋಬರ್ 24, 2025ರಲ್ಲಿ ಅಕ್ಟೋಬರ್ 9. ಕ್ಯಾಲೆಂಡರ್‌ನಲ್ಲಿ ‘ಪ್ರತಿ ವರ್ಷ’ ಎಂದು ಒತ್ತಿದರೆ ಅದಕ್ಕೆ ತಿಥಿ ಗೊತ್ತಿಲ್ಲ, ಇಂಗ್ಲಿಷ್ ತಾರೀಖು ಮಾತ್ರ ಗೊತ್ತು. ಹೋಂಸ್ಟೇಯವರು ಅತಿಥಿಗಳಿಗೆ ಅನುಕೂಲವಾಗಲೆಂದು ಬೇಲೂರಿನ ರಥೋತ್ಸವವನ್ನು, ದೀಪಾವಳಿಯನ್ನು ಹೀಗೆ ವಾರ್ಷಿಕ ಮಾಡಿಟ್ಟಿದ್ದರು. ಎರಡನೇ ವರ್ಷವೇ ಎಲ್ಲವೂ ತಪ್ಪಿತು. ಕೋಡಿನಲ್ಲಿ ಇದಕ್ಕೆ ಮದ್ದಿಲ್ಲ. ಪಂಚಾಂಗ ಬಂದ ಮೇಲೆ ಪ್ರತಿ ವರ್ಷ ಕೈಯಿಂದಲೇ ತುಂಬಬೇಕು.

ಮುಂದಿನ ಕಾರ್ಯಕ್ರಮಗಳ ಪಟ್ಟಿಯಲ್ಲಿ ಐದು ವರ್ಷ ಹಿಂದಿನ ತಾರೀಖು ಬಂದರೆ, ನಿಮ್ಮ ಕೋಡ್ ಮರುಕಳಿಸುವ ಕಾರ್ಯಕ್ರಮದ ಮೊದಲ ದಿನವನ್ನಷ್ಟೇ ಓದುತ್ತಿದೆ. ಎಪಿಐನಲ್ಲಿ ಪ್ರತಿ ಕಂತನ್ನೂ ಬಿಡಿಯಾಗಿ ಕೊಡು ಎಂದು ಕೇಳುವ ‘ಸಿಂಗಲ್ ಇವೆಂಟ್ಸ್’ ಆಯ್ಕೆಯಿದೆ. ಆರಂಭದ ಹೊತ್ತಿನ ಕ್ರಮದಲ್ಲಿ ಜೋಡಿಸಿ ಕೊಡು ಎಂದು ಕೇಳುವುದಕ್ಕೂ ಈ ಆಯ್ಕೆ ಬೇಕೇಬೇಕು. ‘ಇಂದಿನಿಂದ ಮುಂದಕ್ಕೆ’ ಎಂಬ ಕನಿಷ್ಠ ಹೊತ್ತನ್ನೂ ಕೊಡಿ. ಕೊಡದಿದ್ದರೆ ಹಳೆಯವೂ ಸೇರಿ ಬರುತ್ತವೆ, ಒಂದು ಸಲಕ್ಕೆ ಬರುವುದು ಸಾಮಾನ್ಯವಾಗಿ 250, ಹಳೆಯದೇ ತುಂಬಿಕೊಂಡು ಹೊಸದಕ್ಕೆ ಜಾಗವಿರುವುದಿಲ್ಲ. ಐಕ್ಯಾಲ್‌ನಲ್ಲಾದರೆ ರದ್ದಾದ ಕಂತು ಮತ್ತು ಬೇರೆ ದಿನಕ್ಕೆ ಸರಿಸಿದ ಕಂತು ಪ್ರತ್ಯೇಕ ಸಾಲುಗಳಾಗಿ ಬರುತ್ತವೆ. ಅವನ್ನು ಓದಲು ಬಾರದ ಪ್ಲಗಿನ್, ಮುಂದೂಡಿದ ಸಭೆಯನ್ನು ಹಳೆಯ ದಿನದಲ್ಲೂ ಹೊಸ ದಿನದಲ್ಲೂ ತೋರಿಸುತ್ತದೆ. ಅಂಥ ಪ್ಲಗಿನ್ ಬದಲಿಸುವುದೇ ಒಳ್ಳೆಯದು.

ಕನ್ನಡ ಅಕ್ಷರ ಒಡೆದರೆ

ಈ ದೋಷ ನಮ್ಮಂಥವರಿಗೇ ಹೆಚ್ಚು ಕಾಡುವಂಥದ್ದು, ಆದ್ದರಿಂದ ವಿವರವಾಗಿ ಹೇಳುತ್ತೇನೆ. ಕಾರ್ಯಕ್ರಮದ ಹೆಸರು ಚಿಕ್ಕದಿದ್ದಾಗ ಸರಿಯಾಗಿರುತ್ತದೆ. ಉದ್ದವಾದರೆ ನಡುವೆ ಒಂದು ಕಡೆ ಕಪ್ಪು ವಜ್ರದೊಳಗೆ ಪ್ರಶ್ನೆ ಚಿಹ್ನೆ ಬರುತ್ತದೆ, ಅಥವಾ ಹೆಸರು ಅರ್ಧಕ್ಕೇ ಕತ್ತರಿಸಿರುತ್ತದೆ. ಫಾಂಟ್ ಬದಲಿಸಿ ನೋಡಿದವರಿದ್ದಾರೆ, ನಾನೂ ನೋಡಿದ್ದೆ. ಫಾಂಟ್‌ಗೂ ಇದಕ್ಕೂ ಸಂಬಂಧವಿಲ್ಲ.

ಐಕ್ಯಾಲ್ ಕಡತದಲ್ಲಿ ಒಂದು ಸಾಲು 75 ಬೈಟ್ (ಕಡತದ ಗಾತ್ರ ಅಳೆಯುವ ಮಾನ) ಮೀರಬಾರದು. ಮೀರಿದರೆ ಸಾಲನ್ನು ಮಡಿಸಿ, ಮುಂದಿನ ಸಾಲನ್ನು ಒಂದು ಖಾಲಿ ಜಾಗದಿಂದ ಆರಂಭಿಸುತ್ತಾರೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಅಕ್ಷರಗಳನ್ನು ಕಡತದಲ್ಲಿ ಬರೆಯುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ಗುಣಿತದ ಚಿಹ್ನೆಗೂ ಮೂರು, ಅನುಸ್ವಾರಕ್ಕೂ ಮೂರು. ‘ಹಾಸನಾಂಬ’ ಎಂಬ ಒಂದು ಪದವೇ 21 ಬೈಟ್. ಒಂದು ‘ಕ್ಷ’ ಬರೆದರೆ ಒಂಬತ್ತು. ಹಾಗಾಗಿ ಇಂಗ್ಲಿಷ್ ಶೀರ್ಷಿಕೆಗಳು ಮಡಿಸದೆ ಹಿಡಿಸುವ ಕಡೆ ನಮ್ಮವು ಸುಮಾರು 22 ಸಂಕೇತಗಳಿಗೇ ಮಡಿಕೆ ಬೀಳುತ್ತವೆ. ಕಡತ ತಯಾರಿಸುವ ತಂತ್ರಾಂಶ ಅಜಾಗರೂಕವಾಗಿದ್ದರೆ ಮಡಿಕೆ ಒಂದು ಸಂಕೇತದ ಮೂರು ಬೈಟ್‌ಗಳ ನಡುವೆಯೇ ಬೀಳಬಹುದು ಎಂದು ಮೇಲೆ ಹೇಳಿದ ಆರ್‌ಎಫ್‌ಸಿ 5545 ದಾಖಲೆಯೇ ಎಚ್ಚರಿಸುತ್ತದೆ.

ಓದುವ ಕೋಡ್ ಮೊದಲು ಬೈಟ್‌ಗಳ ಮಟ್ಟದಲ್ಲೇ ಮಡಿಕೆಗಳನ್ನು ಬಿಡಿಸಿ ಸಾಲು ಕೂಡಿಸಬೇಕು, ಆಮೇಲೆ ಅಕ್ಷರಗಳಾಗಿ ಓದಬೇಕು. ಕ್ರಮ ಅದಲುಬದಲಾದರೆ ಒಡೆದ ಅಕ್ಷರ ಮತ್ತೆ ಕೂಡುವುದಿಲ್ಲ. ಹೆಸರು ಅರ್ಧಕ್ಕೇ ನಿಂತರೆ ಮಡಿಕೆಯನ್ನು ಬಿಡಿಸುತ್ತಲೇ ಇಲ್ಲ ಎಂದರ್ಥ. ಸ್ವಂತವಾಗಿ ಇಂಥ ಕೋಡ್ ಬರೆಯುವ ಬದಲು ಚೆನ್ನಾಗಿ ಬಳಕೆಯಲ್ಲಿರುವ ಐಕ್ಯಾಲ್ ಲೈಬ್ರರಿಯೊಂದನ್ನು (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಬಳಸುವುದು ಮೇಲು. ಹೆಸರಿನಲ್ಲಿ ಅಲ್ಪವಿರಾಮದ ಮುಂಚೆ ಓರೆಗೆರೆ ಕಾಣುವ ತೊಂದರೆಯೂ ಅದರಿಂದಲೇ ಹೋಗುತ್ತದೆ.

ಬದಲಿಸಿದ್ದು ಬರುತ್ತಿಲ್ಲ, ಅಥವಾ ಏನೂ ಬರುತ್ತಿಲ್ಲ

ಮೇಷ್ಟ್ರು ಬೆಳಿಗ್ಗೆ ಸ್ಥಳ ಬದಲಿಸಿ, ಸಂಜೆಯಾದರೂ ಪುಟದಲ್ಲಿ ಹಳೆಯ ಸ್ಥಳವೇ ಇದ್ದರೆ, ಮತ್ತೆ ಆ ಐಕ್ಯಾಲ್ ಕಡತವನ್ನೇ ಇಳಿಸಿ ನೋಟ್‌ಪ್ಯಾಡ್‌ನಲ್ಲಿ ನೋಡಿ. ಅದರಲ್ಲಿ ಹೊಸ ಸ್ಥಳ ಇದ್ದರೆ ತಡ ನಿಮ್ಮ ಕಡೆಯದು. ಪ್ಲಗಿನ್ ಒಂದು ಪ್ರತಿಯನ್ನು ತನ್ನಲ್ಲಿ ಇಟ್ಟುಕೊಂಡು, ಗಂಟೆಗೊಮ್ಮೆಯೋ ದಿನಕ್ಕೊಮ್ಮೆಯೋ ಹೊಸದನ್ನು ತರುತ್ತದೆ. ಅದರ ಮೇಲೆ ಇಡೀ ಪುಟವನ್ನು ಸಂಗ್ರಹಿಸಿಡುವ ಕ್ಯಾಶೆ ಪ್ಲಗಿನ್ ಬೇರೆ ಇರುತ್ತದೆ. ಎರಡನ್ನೂ ಖಾಲಿ ಮಾಡಬೇಕು. ಒಂದನ್ನು ಮಾತ್ರ ಮಾಡಿ ‘ಆಗಲಿಲ್ಲ’ ಎಂದು ಕೈಬಿಡುವವರೇ ಹೆಚ್ಚು.

ಐಕ್ಯಾಲ್ ಲಿಂಕನ್ನು ಪುಟದ ಜಾವಾಸ್ಕ್ರಿಪ್ಟ್‌ನಿಂದ ನೇರವಾಗಿ ತರಲು ಹೊರಟರೆ ಬ್ರೌಸರ್ ತಡೆಯುತ್ತದೆ. ಬೇರೆ ತಾಣದ ಕಡತ ಓದಲು ಬೇಕಾದ ಅನುಮತಿಯನ್ನು ಆ ಲಿಂಕ್ ಕೊಡುವುದಿಲ್ಲ. ನಿಮ್ಮ ಸರ್ವರ್ ಮೂಲಕ ತರಿಸಿಕೊಳ್ಳಿ, ಅಥವಾ ಎಪಿಐ ಬಳಸಿ.

ಎಪಿಐನಲ್ಲಿ ದೋಷದ ಸಂಖ್ಯೆಯೇ ದಾರಿ ತೋರಿಸುತ್ತದೆ. 404 ಬಂದರೆ ಕ್ಯಾಲೆಂಡರ್‌ನ ಗುರುತು (ಐಡಿ) ತಪ್ಪಿದೆ, ಇಲ್ಲವೇ ಗುರುತು ಸರಿಯಿದ್ದು ಕ್ಯಾಲೆಂಡರ್ ಇನ್ನೂ ಖಾಸಗಿಯಾಗಿದೆ. 403 ಬಂದರೆ ಕ್ಯಾಲೆಂಡರ್ ಎಪಿಐಯನ್ನು ಚಾಲೂ ಮಾಡಿಲ್ಲ, ಅಥವಾ ಕೀಯನ್ನು ಒಂದು ಜಾಲತಾಣಕ್ಕೆ ಸೀಮಿತಗೊಳಿಸುವಾಗ ಬರೆದ ವಿಳಾಸ ನಿಮ್ಮದಕ್ಕೆ ಹೊಂದುತ್ತಿಲ್ಲ. ಮುಂದೆ ಮೂರು ಡಬ್ಲ್ಯೂ ಇರುವ ಮತ್ತು ಇಲ್ಲದ ಎರಡೂ ರೂಪಗಳನ್ನು ಸೇರಿಸಿ. ಕೀಯನ್ನು ಸೀಮಿತಗೊಳಿಸದೆ ಮಾತ್ರ ಬಿಡಬೇಡಿ, ಪುಟದ ಮೂಲದಲ್ಲಿ ಅದು ಎಲ್ಲರಿಗೂ ಕಾಣುತ್ತದೆ. 400 ಬಂದರೆ ಕನಿಷ್ಠ ಹೊತ್ತಿನ ಜೊತೆ ಕಾಲವಲಯ ಬರೆದಿದ್ದೀರಾ ನೋಡಿ. +05:30 ಎಂದು ಬರೆದೂ ಅದೇ ದೋಷ ಬಂದರೆ ಕಾರಣ ಆ ಕೂಡುವ ಚಿಹ್ನೆ: ವಿಳಾಸದಲ್ಲಿ ಅದು ಖಾಲಿ ಜಾಗವಾಗಿ ಮಾರ್ಪಡುತ್ತದೆ. ಅದರ ಬದಲು ಶೇಕಡ ಚಿಹ್ನೆ, 2, ಬಿ ಎಂಬ ಸಂಕೇತ ಹಾಕಬೇಕು.

ನಾನು ಈಗ ಪ್ರತಿ ಜಾಲತಾಣಕ್ಕೂ ಒಂದು ಪರೀಕ್ಷಾ ಕ್ಯಾಲೆಂಡರ್ ಇಟ್ಟುಕೊಂಡಿದ್ದೇನೆ. ಅದರಲ್ಲಿ ಸಂಜೆ ಆರರ ಒಂದು ಬಿಡಿ ಕಾರ್ಯಕ್ರಮ, ಬೆಳಿಗ್ಗೆ ಐದರ ಒಂದು, ಎರಡನೇ ಭಾನುವಾರದ ಮರುಕಳಿಸುವ ಸಭೆ, ಅದರಲ್ಲಿ ಮುಂದೂಡಿದ ಒಂದು ಕಂತು, ಮೂರು ದಿನಗಳ ಇಡೀ ದಿನದ ಕಾರ್ಯಕ್ರಮ, ಮತ್ತು ಒತ್ತಕ್ಷರಗಳಿಂದ ತುಂಬಿದ ಒಂದು ಉದ್ದ ಕನ್ನಡ ಹೆಸರು ಇವೆ. ಪ್ಲಗಿನ್ ನವೀಕರಿಸಿದಾಗಲೆಲ್ಲ ಮೊದಲು ಇದನ್ನು ಜೋಡಿಸಿ, ಇನ್‌ಕಾಗ್ನಿಟೋದಲ್ಲಿ ಆರನ್ನೂ ನೋಡಿ, ಆಮೇಲೆ ನಿಜವಾದ ಕ್ಯಾಲೆಂಡರ್‌ಗೆ ಬದಲಿಸುತ್ತೇನೆ. ನಮ್ಮ ಬಳಗದ ಪುಟದಲ್ಲಿ ಪ್ರತಿ ಕಾರ್ಯಕ್ರಮದ ಹೊತ್ತಿನ ಮುಂದೆ ಈಗ ‘ಸಂಜೆ’, ‘ಬೆಳಿಗ್ಗೆ’ ಎಂಬ ಪದವೂ ಬರುತ್ತದೆ, ಮತ್ತು ಹೊರಡುವ ಮುನ್ನ ಕೇಳಲು ಬಳಗದ ಫೋನ್ ನಂಬರ್ ಪಟ್ಟಿಯ ತಲೆಯಲ್ಲೇ ಇದೆ.